ಮುಚ್ಚಳದ ಮರದ ಭರಣಿ: ಚನ್ನಪಟ್ಟಣದ ಕಡೆತ, ನಮ್ಮ ಬೆಟ್ಟದ ಬೆಪ್ಪಾಲೆ

ಶ್ರಾವಣ ಬಂತೆಂದರೆ ಹೊಸೂರು, ಡೆಂಕಣಿಕೋಟೆ, ತಳಿ, ಕೃಷ್ಣಗಿರಿ ಕಡೆಯ ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿ ವ್ರತ, ಅದರ ಬೆನ್ನಿಗೇ ಗೌರಿ ಹಬ್ಬ. ಅರಿಶಿನ ಕುಂಕುಮಕ್ಕೆ ಬಂದವರಿಗೆ ತಾಂಬೂಲದ ಜೊತೆ ಏನಾದರೊಂದು ಕೊಡುವುದು ವಾಡಿಕೆ. ಕೆಲವು ವರ್ಷಗಳಿಂದ ಆ ‘ಏನಾದರೊಂದು’ ಬಹುಪಾಲು ಪ್ಲಾಸ್ಟಿಕ್ ಡಬ್ಬಿಯೇ ಆಗಿದೆ. ಮರದ ಕುಂಕುಮ ಭರಣಿ ಎಲ್ಲಿ ಸಿಗುತ್ತದೆ, ಅರಗಿನದ್ದು ಯಾವುದು, ಬಣ್ಣ ಬಳಿದದ್ದು ಯಾವುದು, ಮನೆಯಲ್ಲೇ ಒಂದನ್ನು ಕಡೆದು ನೋಡಬಹುದೇ ಎಂದು ಸದಸ್ಯರು ಆಗಾಗ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನ ಸಿದ್ಧಪಡಿಸಿದ್ದೇವೆ. ಹಬ್ಬದ ಖರೀದಿಗೆ ಮುಂಚೆ ಒಮ್ಮೆ ಓದಿ, ಆಮೇಲೆ ಬೇಕಾದಾಗ ತೆಗೆದು ನೋಡಿ.

ಮೊದಲು ಹೆಸರಿನ ವಿಚಾರ. ಮುಚ್ಚಳವಿರುವ ಸಣ್ಣ ಗುಂಡು ಪಾತ್ರೆಗೆ ಕನ್ನಡದಲ್ಲಿ ಭರಣಿ ಎನ್ನುತ್ತೇವೆ, ಕರಡಿಗೆ ಎಂದೂ ಹೇಳುತ್ತೇವೆ. ಇಷ್ಟಲಿಂಗ ಇಡುವ ಕರಡಿಗೆಯೂ ಇದೇ ಮಾತು. ಪಕ್ಕದ ಮನೆಯ ತೆಲುಗರು ಕುಂಕುಮ ಭರಿಣೆ ಎನ್ನುತ್ತಾರೆ, ತಮಿಳರು ಕುಂಗುಮ ಚಿಮಿಳ್ ಎನ್ನುತ್ತಾರೆ. ಮೂರು ಭಾಷೆಯೂ ಓಡಾಡುವ ನಮ್ಮ ಪೇಟೆ ಬೀದಿಯಲ್ಲಿ ಯಾವ ಹೆಸರು ಹೇಳಿದರೂ ಅಂಗಡಿಯವರು ಅದನ್ನೇ ಎತ್ತಿ ಕೊಡುತ್ತಾರೆ. ಮರವನ್ನು ತಿರುಗಿಸಿ ಉಳಿಯಿಂದ ಆಕಾರ ಕೊಡುವ ಕೆಲಸಕ್ಕೆ ತಮಿಳಿನಲ್ಲಿ ‘ಕಡೈಸಲ್’ ಎಂಬ ಮಾತಿದೆ. ನಾವು ಮಜ್ಜಿಗೆ ಕಡೆಯುತ್ತೇವಲ್ಲ, ಆ ‘ಕಡೆ’ಯೂ ಈ ‘ಕಡೈ’ಯೂ ಒಂದೇ ಬೇರಿನವು. ಹಳೆಯ ಕೈ ಲೇತನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕಡೆಗೋಲಿಗೆ ಹಗ್ಗ ಸುತ್ತಿ ಎಳೆದಂತೆಯೇ ಅಲ್ಲಿಯೂ ದಂಡಕ್ಕೆ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆಯುತ್ತಾರೆ. ಮರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತದೆ. ಉಳಿ ಕಚ್ಚುವುದು ಒಂದು ದಿಕ್ಕಿನಲ್ಲಿ ಮಾತ್ರ.

ಚನ್ನಪಟ್ಟಣ ಹೇಗೆ ಗೊಂಬೆಗಳ ಊರಾಯಿತು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ ಚನ್ನಪಟ್ಟಣ. ಟಿಪ್ಪು ಸುಲ್ತಾನರು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಮರದ ಗೊಂಬೆ ಮಾಡುವುದನ್ನು ಕಲಿಸಿದರು ಎಂಬುದು ಊರಿನಲ್ಲಿ ತಲೆಮಾರಿನಿಂದ ಬಂದ ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ತಂತ್ರಗಳನ್ನು ಇಲ್ಲಿಗೆ ಹೊಂದಿಸಿ ಕೆಲಸಗಾರರಿಗೆ ಹೇಳಿಕೊಟ್ಟರು. ಚನ್ನಪಟ್ಟಣದ ಗೊಂಬೆಯ ಪಿತಾಮಹ ಎಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಮುಂದೆ ಕರ್ನಾಟಕ ಸರ್ಕಾರ ಇಲ್ಲಿ ಅರಗಿನ ಕರಕುಶಲ ಸಂಕೀರ್ಣವೊಂದನ್ನು ಕಟ್ಟಿತು, ಅದರಲ್ಲಿ 32 ಲೇತ್‌ಗಳಿರುವ ತಯಾರಿಕಾ ಕೇಂದ್ರವಿದೆ. ರಾಜ್ಯದ ‘ವಿಶ್ವ’ ಯೋಜನೆಯಡಿ ನೆದರ್ಲೆಂಡ್ಸ್ ಸರ್ಕಾರದ ನೆರವೂ ಕುಶಲಕರ್ಮಿಗಳಿಗೆ ದೊರೆಯಿತು. ‘ಚನ್ನಪಟ್ಟಣದ ಗೊಂಬೆಗಳು ಮತ್ತು ಆಟಿಕೆಗಳು’ ಎಂಬ ಹೆಸರಿಗೆ 2005–06ರ ಹೊತ್ತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. 2022ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ರಾಜ್ಯದ ಕರಕುಶಲ ಪರಂಪರೆಯನ್ನೇ ವಿಷಯವಾಗಿಟ್ಟುಕೊಂಡಿತ್ತು, ಚನ್ನಪಟ್ಟಣದ ಗೊಂಬೆಗಳೂ ಅದರಲ್ಲಿದ್ದವು.

ಗೊಂಬೆ, ಗಿಲಕಿ, ಬುಗುರಿಗಳ ಹೆಸರಿನಲ್ಲಿ ಭರಣಿ ಸ್ವಲ್ಪ ಮರೆಯಾಗಿದೆ. ಆದರೆ ಕಡೆಯುವವರ ಕೈ ಪರೀಕ್ಷೆ ಆಗುವುದು ಭರಣಿಯಲ್ಲೇ. ಗಿಲಕಿಯ ಒಂದು ಉಂಗುರ ಅರ್ಧ ಮಿಲಿಮೀಟರ್ ದಪ್ಪವಾದರೆ ಯಾರಿಗೂ ತಿಳಿಯುವುದಿಲ್ಲ. ಮುಚ್ಚಳ ಅಷ್ಟು ತಪ್ಪಿದರೆ ಒಂದೋ ಕುಣಿಯುತ್ತದೆ, ಇಲ್ಲವೇ ಕಚ್ಚಿಕೊಳ್ಳುತ್ತದೆ.

ಈ ಬಗೆಯ ಕೆಲಸ ಚನ್ನಪಟ್ಟಣದಲ್ಲಿ ಮಾತ್ರ ಇದೆ ಎಂದಲ್ಲ. ಆಂಧ್ರದ ವರಾಹ ನದಿಯ ದಡದ ಏಟಿಕೊಪ್ಪಾಕದಲ್ಲಿ ಇದೇ ಜಾತಿಯ ಮರ, ಇದೇ ಅರಗು. ಅಲ್ಲಿ ಮರವನ್ನು ಅಂಕುಡು ಎನ್ನುತ್ತಾರೆ. ಅದಕ್ಕೆ 2017ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಸಸ್ಯಜನ್ಯ ಬಣ್ಣಗಳನ್ನು ಅಲ್ಲಿ ಮತ್ತೆ ಬಳಕೆಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಮ್ಮ ತಮಿಳುನಾಡಿನಲ್ಲೇ ತಿರುನೆಲ್ವೇಲಿ ಕಡೆಯ ಅಂಬಾಸಮುದ್ರದಲ್ಲಿ ‘ಚೊಪ್ಪು ಸಾಮಾನ್’ ಎಂಬ ಮಕ್ಕಳ ಅಡುಗೆ ಆಟದ ಪಾತ್ರೆಗಳನ್ನು ಕಡೆಯುತ್ತಾರೆ. ಅವಕ್ಕೆ ಹಿಂದೆ ಮಂಜಕಡಂಬು, ಅಂದರೆ ನಮ್ಮ ಅರಿಶಿನ ತೇಗ, ಬಳಸುತ್ತಿದ್ದರು.

ಮರ: ಹಾಲೆ, ಬೆಪ್ಪಾಲೆ, ವೆಟ್ಪಾಲೈ

ಚನ್ನಪಟ್ಟಣದವರು ‘ಆಲೆ ಮರ’ ಎನ್ನುವುದು ಹಾಲೆ ಮರವನ್ನು. ನಿಘಂಟಿನ ಕನ್ನಡದಲ್ಲಿ ಬೆಪ್ಪಾಲೆ, ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯ. ತಮಿಳಿನ ವೆಟ್ಪಾಲೈ ಇದೇ. ಪಾಲ್ ಹಾಲಾದಂತೆ ಪಾಲೈ ಹಾಲೆಯಾಯಿತು. ‘ಬೆಪ್ಪಾಲೆ’ಯ ನಡುವೆ ಮಾತ್ರ ಹಳೆಯ ಪಕಾರ ಉಳಿದುಕೊಂಡಿದೆ. ಕೊಂಬೆ ಮುರಿದರೆ ಹಾಲು ಸೋರುವುದರಿಂದ ಈ ಹೆಸರು.

ಇಲ್ಲಿ ನಮ್ಮ ಓದುಗರಿಗೆ ನೇರ ಸಂಬಂಧಪಟ್ಟ ಸಂಗತಿಯಿದೆ. ಇದು ಒಣ ಎಲೆಯುದುರುವ ಕಾಡಿನ ಮರ, ನಮ್ಮ ಕಡೆಯ ಗುಡ್ಡಗಳಿಗೆ ಹೊಸತಲ್ಲ. ನಮ್ಮಲ್ಲಿ ಹಲವರ ಮನೆಯಲ್ಲಿ ಇದರ ಪರಿಚಯ ಎಣ್ಣೆಯ ಮೂಲಕವೇ ಇದ್ದೀತು. ವೆಟ್ಪಾಲೈ ಎಲೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸಿದ್ಧವೈದ್ಯದಲ್ಲಿ ಅದನ್ನು ಚರ್ಮದ ತೊಂದರೆಗಳಿಗೆ ಹಚ್ಚುತ್ತಾರೆ. ಅದೇ ಗಿಡದ ಮರವೇ ಭರಣಿಯಾಗುವುದು.

ಗುರುತು ಹಿಡಿಯುವಾಗ ಎರಡು ಗೊಂದಲ ಬೇಡ. ಕರಾವಳಿಯವರು ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುವ ಪಾಲೆ ಮರ ಬೇರೆ, ಅದರ ಎಲೆಗಳು ಒಂದೇ ಗಿಣ್ಣಿನಲ್ಲಿ ಸುತ್ತಲೂ ಐದಾರು, ಏಳು ಹೀಗೆ ಇರುತ್ತವೆ. ಬೆಪ್ಪಾಲೆಯಲ್ಲಿ ಎಲೆಗಳು ಎದುರುಬದುರು ಜೋಡಿ. ಇನ್ನೊಂದು ಕೊಡಸಿಗ. ಅದರಲ್ಲಿ ಜೋಡಿ ಕಾಯಿಗಳು ತುದಿಯಲ್ಲಿ ಬಿಡಿಬಿಡಿಯಾಗಿರುತ್ತವೆ. ಬೆಪ್ಪಾಲೆಯ ಉದ್ದ ಕಾಯಿಗಳು ಎರಡೂ ಕೆಳತುದಿಯಲ್ಲಿ ಅಂಟಿಕೊಂಡು ಇಕ್ಕುಳದಂತೆ ಜೋತಾಡುತ್ತವೆ. ಬೇಸಿಗೆಯಲ್ಲಿ ಬಿಳಿ ಹೂವು.

ಗುರುತು ಸಿಕ್ಕಿತೆಂದು ಕೊಡಲಿ ಎತ್ತಿಕೊಂಡು ಹೊರಡುವಂತಿಲ್ಲ. ಮೇಲಗಿರಿ ಬೆಟ್ಟಗಳ ದೊಡ್ಡ ಭಾಗ 2014ರಲ್ಲಿ ಘೋಷಣೆಯಾದ ಕಾವೇರಿ ಉತ್ತರ ವನ್ಯಜೀವಿ ಧಾಮದೊಳಗಿದೆ, ಅಲ್ಲಿ ಒಂದು ಕೊಂಬೆ ಕಡಿದರೂ ಅಪರಾಧ. ಸ್ವಂತ ಜಮೀನಿನಲ್ಲಿರುವ ಮರವಾದರೂ ಕಡಿಯುವ, ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ರಾಜ್ಯದ ಗಡಿ ದಾಟಿಸುವಾಗಲಂತೂ ಕಾಗದಪತ್ರವಿಲ್ಲದ ದಿಮ್ಮಿ ಅತ್ತಿಬೆಲೆಯ ಆಚೆ ಹೋಗುವ ಮಾತೇ ಬೇಡ. ಈ ಮರಕ್ಕೆ ಒಂದು ಒಳ್ಳೆಯ ಗುಣವಿದೆ: ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ. ಜಮೀನಿನ ಬದುವಿನಲ್ಲಿ ನಾಲ್ಕು ಬೆಪ್ಪಾಲೆ ನೆಟ್ಟುಕೊಂಡರೆ ಎಲೆ ಎಣ್ಣೆಗೂ ಆಯಿತು, ಮುಂದಿನವರಿಗೆ ಮರಕ್ಕೂ ಆಯಿತು. ಭರಣಿಗೆ ಬೇಕಾದ್ದು ತೋಳಿನ ಗಾತ್ರದ ಕೊಂಬೆ ಮಾತ್ರ, ದೊಡ್ಡ ಹಲಗೆಯ ಮರ ಅಲ್ಲ.

ಈ ಮರವನ್ನೇ ಏಕೆ ಆರಿಸಿದರು? ಬಣ್ಣ ಆನೆದಂತದ ಹಾಗೆ ಬಿಳುಪು, ಅದರ ಮೇಲೆ ಹಳದಿಯಂಥ ತೆಳು ಬಣ್ಣವೂ ಮಸುಕಾಗುವುದಿಲ್ಲ. ಎಳೆ ನುಣುಪು ಮತ್ತು ಒತ್ತಾಗಿದೆ, ರಂಧ್ರಗಳು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅರಗು ಸಮವಾಗಿ ಕೂರುತ್ತದೆ. ಮೃದು, ಆದರೆ ಉಳಿಗೆ ನಾರು ಎದ್ದು ಬರುವುದಿಲ್ಲ. ತೇಗದಲ್ಲಿ ಇದೇ ಕೆಲಸ ಮಾಡಲು ಹೋದರೆ ಎಣ್ಣೆಯಂಶ, ದೊಡ್ಡ ರಂಧ್ರ, ಗಾಢ ಬಣ್ಣ ಮೂರೂ ಅಡ್ಡ.

ಕೃಷ್ಣಗಿರಿಯವರಿಗೆ ಸುಲಭವಾಗಿ ಸಿಗುವುದು ಮಾವಿನ ಮರ. ಹಳೆಯ ತೋಪು ಕಡಿದು ಹೊಸ ಸಸಿ ಹಾಕುವಾಗ ದಿಮ್ಮಿಗಳು ಸೌದೆ ಮಂಡಿಗೆ ಹೋಗುತ್ತವೆ. ಅದರಲ್ಲಿ ಅಭ್ಯಾಸ ಮಾಡಬಹುದು, ಕೆಟ್ಟದ್ದೇನಲ್ಲ. ಆದರೆ ಬೇಗ ಹುಳು ಹಿಡಿಯುತ್ತದೆ, ಬಣ್ಣ ಕಂದು, ಧೂಳು ಕೆಲವರ ಚರ್ಮಕ್ಕೆ ಆಗದು. ಮಾವಿನ ಭರಣಿಗೆ ಅರಗಿನ ಬಣ್ಣ ಹಾಕುವುದಕ್ಕಿಂತ ಬಣ್ಣವಿಲ್ಲದ ಅರಗಿನಿಂದ ಮರದ ಗೆರೆ ಕಾಣುವಂತೆ ಬಿಡುವುದೇ ಚೆಂದ ಎಂಬುದು ನಮ್ಮ ಅಭಿಪ್ರಾಯ.

ಒಣಗಿಸುವುದೇ ಅರ್ಧ ಕೆಲಸ

ಹಸಿ ಮರದಲ್ಲಿ ಕಡೆದ ಮುಚ್ಚಳ ಇವತ್ತು ಸರಿಯಾಗಿ ಕೂತರೂ ತಿಂಗಳೊಳಗೆ ಕೂರುವುದಿಲ್ಲ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ, ಅದೂ ಎರಡು ದಿಕ್ಕಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ. ವಾರ್ಷಿಕ ಉಂಗುರದ ಸುತ್ತ ಹೆಚ್ಚು, ತಿರುಳಿನಿಂದ ಹೊರಕ್ಕೆ ಕಡಿಮೆ. ಪರಿಣಾಮ, ಗುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮುಚ್ಚಳ ಒಂದು ಕಡೆಗೆ ಮೊಟ್ಟೆಯಾಗಿ, ಬುಡ ಇನ್ನೊಂದು ಕಡೆಗೆ ಮೊಟ್ಟೆಯಾದರೆ ಎರಡೂ ಸೇರುವುದು ಹೇಗೆ?

ಆದ್ದರಿಂದ ಚನ್ನಪಟ್ಟಣದಲ್ಲಿ ದಿಮ್ಮಿಯ ಸಿಪ್ಪೆ ತೆಗೆದು, ತುಂಡು ಮಾಡಿ, ನೆರಳಿನಲ್ಲಿ ಗಾಳಿಗೆ ಎರಡು ಮೂರು ತಿಂಗಳು ಬಿಡುತ್ತಾರೆ. ಬಿಸಿಲಿಗೆ ಇಟ್ಟರೆ ತುದಿಗಳು ಸೀಳುತ್ತವೆ. ತುದಿಗೆ ಮೇಣವೋ ಅಂಟೋ ಬಳಿದರೆ ಸೀಳು ಇನ್ನೂ ಕಡಿಮೆ. ಇದರ ಮೇಲೂ ಎಚ್ಚರ ಬೇಕೆನ್ನುವವರು ಒಳಗೂ ಹೊರಗೂ ಒರಟಾಗಿ ಕಡೆದು, ಗೋಡೆಯನ್ನು ದಪ್ಪವಾಗಿಯೇ ಬಿಟ್ಟು, ಎರಡು ಮೂರು ವಾರ ಕಪಾಟಿನಲ್ಲಿಟ್ಟು ಆಮೇಲೆ ಅಂತಿಮ ಕಡೆತ ಮಾಡುತ್ತಾರೆ. ಒಣಗಿತೋ ಇಲ್ಲವೋ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಕ ಬರೆದಿಡಿ. ಎರಡು ವಾರ ತೂಕ ಬದಲಾಗದಿದ್ದರೆ ಮರ ನಿಮ್ಮ ಮನೆಯ ಹವೆಗೆ ಹೊಂದಿಕೊಂಡಿದೆ.

‘ನಿಮ್ಮ ಮನೆಯ ಹವೆ’ ಎಂದು ಬೇಕೆಂದೇ ಹೇಳುತ್ತಿದ್ದೇವೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರಿನ ಹವೆ ಬೇರೆ, ಘಟ್ಟ ಇಳಿದ ಮೇಲಿನ ಕೃಷ್ಣಗಿರಿಯ ಬಿಸಿಲು ಬೇರೆ, ಮಂಗಳೂರಿನ ನೆಂಟರ ಮನೆಯ ತೇವ ಇನ್ನೂ ಬೇರೆ. ಏಪ್ರಿಲ್‌ನಲ್ಲಿ ಬಿಗಿಯಾಗಿ ಕೂರಿಸಿದ ಮುಚ್ಚಳ ಮಳೆಗಾಲದಲ್ಲಿ ತೆಗೆಯಲು ಬಾರದೆ ಹೋಗುವುದು ಈ ಕಾರಣಕ್ಕೆ.

ಒಂದು ಭರಣಿಯ ಲೆಕ್ಕ

ಲೇತ್ ಎಂದರೇನೆಂದು ನಮ್ಮ ಸಿಪ್ಕಾಟ್ ಸದಸ್ಯರಿಗೆ ಹೇಳಬೇಕಾಗಿಲ್ಲ. ಆದರೆ ಕಬ್ಬಿಣದ ಲೇತ್‌ನಲ್ಲಿ ಪಳಗಿದವರು ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಉಳಿಯನ್ನು ಯಂತ್ರ ಹಿಡಿದಿರುತ್ತದೆ, ಇಲ್ಲಿ ನಿಮ್ಮ ಕೈ. ಉಳಿಯ ಕೆಳಗೆ ಒಂದು ಆಸರೆ ಪಟ್ಟಿ ಇರುತ್ತದೆ, ಅಷ್ಟೆ. ಮೊದಲು ಉಳಿಯನ್ನು ಪಟ್ಟಿಗೆ ತಾಗಿಸಿ, ಆಮೇಲೆ ಮರಕ್ಕೆ. ಈ ಕ್ರಮ ತಪ್ಪಿದರೆ ಉಳಿ ಸಿಕ್ಕಿಕೊಂಡು ಎಗರುತ್ತದೆ. ಮುಖಕ್ಕೆ ಪಾರದರ್ಶಕ ಕವಚ, ಮೂಗಿಗೆ ಧೂಳಿನ ಮಾಸ್ಕ್ ಬೇಕೇ ಬೇಕು. ಕೈಗವಸು ಬೇಡವೇ ಬೇಡ, ಅದು ಸುತ್ತಿಕೊಳ್ಳುತ್ತದೆ. ಸೆರಗು, ದುಪಟ್ಟಾ, ಬಳೆ, ಜಡೆ, ಉದ್ದ ತೋಳು ಯಾವುದೂ ತಿರುಗುವ ಮರದ ಹತ್ತಿರ ಸುಳಿಯಬಾರದು.

ಒಂಬತ್ತು ಸೆಂ.ಮೀ. ಎತ್ತರ, ಆರು ಸೆಂ.ಮೀ. ಅಗಲದ ಕುಂಕುಮ ಭರಣಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮುಚ್ಚಳ 30 ಮಿ.ಮೀ., ಬುಡ 60 ಮಿ.ಮೀ. ಒಂದಕ್ಕೆ ಎರಡರ ಈ ಅಳತೆ ಕಣ್ಣಿಗೆ ಹಿತವಾಗಿ ಕಾಣುತ್ತದೆ. ಅರ್ಧಕ್ಕರ್ಧ ಮಾಡಿದರೆ ಮುಚ್ಚಳ ಭಾರವೆನಿಸಿ ಮಾತ್ರೆ ಡಬ್ಬಿಯಂತೆ ಕಾಣುತ್ತದೆ. ಬುಡದ ಮೇಲೆ ಮುಚ್ಚಳದೊಳಗೆ ಹೋಗುವ ಕಂಠ 6 ಮಿ.ಮೀ. ಎತ್ತರ. ಎರಡು ಕಡೆ ಕತ್ತರಿಸಲು 4 ಮಿ.ಮೀ.ನಂತೆ 8, ಲೇತ್‌ನ ಬಾಯಿಯಲ್ಲಿ ಹಿಡಿಯಲು 25. ಎಲ್ಲ ಸೇರಿ 129. ಅಂದರೆ 13 ಸೆಂ.ಮೀ. ಉದ್ದ, 7 ಸೆಂ.ಮೀ. ದಪ್ಪದ ತುಂಡು ಬೇಕು. ಮರದ ನಾರು ತುಂಡಿನ ಉದ್ದಕ್ಕೇ ಇರಬೇಕು, ತಿರುಳು ನಡುವೆ ಬಾರದಂತೆ ಆರಿಸಿ.

ಕಡೆಯುವುದು ಮುಚ್ಚಳದಿಂದ ಆರಂಭ. ತುಂಡಿನ ಒಂದು ತುದಿಯನ್ನು ಲೇತ್‌ನ ಬಾಯಿಗೆ ಗಟ್ಟಿಯಾಗಿ ಕೂರಿಸಿ, ಇಡೀ ತುಂಡನ್ನು ಗುಂಡಗೆ ಮಾಡಿ. ಈ ಗಾತ್ರಕ್ಕೆ ನಿಮಿಷಕ್ಕೆ 1500ರಿಂದ 2000 ಸುತ್ತು ಸಾಕು. ಒರಟು ಹಂತದಲ್ಲಿ ಅದಕ್ಕೂ ಕಡಿಮೆ ಇರಲಿ. ಹೊರ ತುದಿಯಲ್ಲಿ ಮುಚ್ಚಳದ ಒಳಭಾಗವನ್ನು ಕೊರೆಯಿರಿ. ಬಾಯಿಯ ಒಳ ಅಳತೆ 46 ಮಿ.ಮೀ. ಬಾಯಿಯಿಂದ ಒಳಕ್ಕೆ ಕನಿಷ್ಠ 7 ಮಿ.ಮೀ. ವರೆಗೆ ಗೋಡೆ ನೆಟ್ಟಗಿರಬೇಕು, ಸ್ವಲ್ಪವೂ ಓರೆಯಾಗಬಾರದು. ಮುಚ್ಚಳ ನಿಲ್ಲುವುದು ಇದರ ಮೇಲೆಯೇ, ಇಲ್ಲಿ ಅವಸರ ಪಡಬೇಡಿ. ಒಳಭಾಗವನ್ನು ಉಪ್ಪುಕಾಗದದಿಂದ ನಯ ಮಾಡಿ, ಆದರೆ ಈ ಏಳು ಮಿಲಿಮೀಟರ್ ಪಟ್ಟಿಗೆ ಕಾಗದ ತಾಗಿಸಬೇಡಿ. ಉಪ್ಪುಕಾಗದ ಮೃದು ಎಳೆಯನ್ನು ಹೆಚ್ಚು ತಿಂದು ಗುಂಡನ್ನು ಕೆಡಿಸುತ್ತದೆ. ನಂತರ ಮುಚ್ಚಳವನ್ನು ಒರಟು ಆಕಾರದಲ್ಲೇ ಕತ್ತರಿಸಿ ಬೇರ್ಪಡಿಸಿ.

ಈಗ ಉಳಿದ ತುಂಡಿನ ತುದಿಯಲ್ಲಿ ಕಂಠ. ಕ್ಯಾಲಿಪರ್‌ನಲ್ಲಿ 47ಕ್ಕೆ ನಿಲ್ಲಿಸಿ. ಅಲ್ಲಿಂದ ಮುಂದೆ ಕ್ಯಾಲಿಪರ್‌ಗಿಂತ ಮುಚ್ಚಳವೇ ಅಳತೆಗೋಲು. ತುದಿಯನ್ನು ಸ್ವಲ್ಪ ಓರೆ ಮಾಡಿ, ಮುಚ್ಚಳವನ್ನು ಒತ್ತಿ ಹಿಡಿದು ಲೇತನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದರೆ ಎಲ್ಲಿ ತಾಗುತ್ತದೋ ಅಲ್ಲಿ ಹೊಳಪಿನ ಗೆರೆ ಬೀಳುತ್ತದೆ. ಆ ಗೆರೆಯವರೆಗೆ ತೆಳು ಮಾಡಿ, ಮತ್ತೆ ನೋಡಿ. ಮುಚ್ಚಳ ಬಿಗಿಯಾಗಿ ಕೂತು ಬುಡದ ಜೊತೆಗೇ ತಿರುಗುವಂತಾದಾಗ ನಿಲ್ಲಿಸಿ. ಈಗ ಎರಡನ್ನೂ ಒಂದೇ ಮರವೆಂಬಂತೆ ಹೊರಗಿನಿಂದ ಕಡೆಯಬಹುದು. ಅಂಗಡಿಯ ಒಳ್ಳೆಯ ಭರಣಿಗಳಲ್ಲಿ ಮುಚ್ಚಳದ ಬಾಗು ಬುಡಕ್ಕೆ ತಡೆಯಿಲ್ಲದೆ ಇಳಿಯುವುದರ ಗುಟ್ಟು ಇದು. ಹೊರ ಅಳತೆ ಸಂದಿಯ ಹತ್ತಿರ 58 ಇಟ್ಟರೆ ಮುಚ್ಚಳದ ಗೋಡೆ 6 ಮಿ.ಮೀ. ಉಳಿಯುತ್ತದೆ.

ಆಕಾರದ ವಿಷಯದಲ್ಲಿ ನಮಗೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೊಸೂರು ಚಂದ್ರಚೂಡೇಶ್ವರ ಬೆಟ್ಟದ ಗುಡಿಯ ಕಳಶ, ತೇರಿನ ತುದಿ, ಬೇಲೂರು ಹಳೇಬೀಡಿನ ಕಡೆದ ಕಂಬಗಳು ಎಲ್ಲವೂ ಉಬ್ಬು, ತಗ್ಗು, ಚೂಪು ಅಂಚು ಈ ಮೂರರ ಜೋಡಣೆಯೇ. ದೊಡ್ಡ ಉಬ್ಬಿನ ಪಕ್ಕ ಸಣ್ಣ ತಗ್ಗು, ನಡುವೆ ಒಂದು ಚೂಪು ಅಂಚು ಇರಲಿ. ಎರಡು ಉಬ್ಬು ಒಂದೇ ಗಾತ್ರದಲ್ಲಿದ್ದರೆ ಮಂಕಾಗಿ ಕಾಣುತ್ತದೆ. ಮುಚ್ಚಳದ ಹಿಡಿ ಬೆರಳಿಗೆ ಸಿಗುವಷ್ಟು ದೊಡ್ಡದಾಗಿರಲಿ, ಅದರ ಕುತ್ತಿಗೆ ತೀರ ಸಣ್ಣದಾದರೆ ನಾರು ಸಾಲದೆ ಮೊದಲ ಬಾರಿ ಕೆಳಗೆ ಬಿದ್ದಾಗಲೇ ಮುರಿಯುತ್ತದೆ. ಇನ್ನೊಂದು ಉಪಾಯ: ಮುಚ್ಚಳ ಬುಡ ಸೇರುವ ಸಂದಿಯಲ್ಲೇ ಒಂದು ಅಲಂಕಾರದ ಗೆರೆ ಕೊರೆಯಿರಿ. ಮುಂದೆ ಮರ ಕೂದಲೆಳೆಯಷ್ಟು ಅತ್ತಿತ್ತ ಆದರೂ ಗೆರೆಯ ನೆರಳಿನಲ್ಲಿ ಅದು ಕಾಣುವುದಿಲ್ಲ.

ಅರಗು

ಅರಗು ಒಂದು ಸಣ್ಣ ಕೀಟ ಮುತ್ತುಗದಂಥ ಮರಗಳ ಕೊಂಬೆಯ ಮೇಲೆ ಒಸರುವ ಅಂಟು. ದೇಶದಲ್ಲಿ ಹೆಚ್ಚಿನ ಪಾಲು ಜಾರ್ಖಂಡ್, ಛತ್ತೀಸಗಢದ ಕಡೆಯಿಂದ ಬರುತ್ತದೆ. ಅದನ್ನು ಕೆಂಡದ ಮೇಲೆ ಮೆದುಮಾಡಿ, ಬಣ್ಣದ ಪುಡಿ ಸೇರಿಸಿ, ಮಿಠಾಯಿಯಂತೆ ಎಳೆದು ಮಡಚಿ ಮತ್ತೆ ಎಳೆದು ಕಡ್ಡಿಗಳನ್ನು ಮಾಡುತ್ತಾರೆ. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಎರಡೂ ಸೇರಿದರೆ ಹಸಿರು, ಕಾಚಿನಿಂದ ಕಂದು. ಎಲ್ಲ ಅಂಗಡಿಯ ಎಲ್ಲ ಸಾಮಾನೂ ಸಸ್ಯಬಣ್ಣದ್ದು ಎಂದು ಭಾವಿಸಬೇಡಿ. ಸಂಶ್ಲೇಷಿತ ಬಣ್ಣವೂ ಬಳಕೆಯಲ್ಲಿದೆ, ಕೇಳಿಯೇ ತಿಳಿದುಕೊಳ್ಳಬೇಕು.

ಬಣ್ಣ ಹಾಕಲು ಕುಂಚವಿಲ್ಲ, ಒಲೆಯೂ ಇಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಉಂಗುರ ಉಂಗುರವಾಗಿ ಒರಟಾಗಿ ಕೂರುವ ಅದನ್ನು ಒಣಗಿದ ಗರಿಯಿಂದ ಒತ್ತಿ ಸವರುತ್ತಾರೆ. ಕೇದಗೆ ಜಾತಿಯ ಗಿಡದ ಗರಿ ಅದು, ಕೆಲಸಗಾರರ ಬಾಯಲ್ಲಿ ತಾಳೆಗರಿ. ಗರಿ ಸವರಿದ ಕೂಡಲೇ ಮೇಲ್ಮೈ ಕನ್ನಡಿಯಂತಾಗುತ್ತದೆ. ಮೊದಲ ಸಲ ನೋಡುವವರು ಬೆರಗಾಗುವುದು ಈ ಕ್ಷಣದಲ್ಲೇ.

ಮುಚ್ಚಳ ಕೂತಿರುವಾಗಲೇ ಎರಡಕ್ಕೂ ಒಟ್ಟಿಗೆ ಅರಗು ಹಾಕಿ, ಆಮೇಲೆ ಸಂದಿಯನ್ನು ಚೂಪು ಉಳಿತುದಿಯಿಂದ ಬಿಡಿಸಬೇಕು. ಇಲ್ಲವಾದರೆ ಅರಗು ಸೇತುವೆಯಂತೆ ಕೂಡಿಕೊಂಡು, ಮುಚ್ಚಳ ತೆಗೆಯುವಾಗ ಚಕ್ಕೆ ಏಳುತ್ತದೆ. ಕಂಠಕ್ಕೂ, ಮುಚ್ಚಳದೊಳಗಿನ ಆ ಪಟ್ಟಿಗೂ ಅರಗು ಹಾಕಬಾರದು. ಅರಗಿನ ದಪ್ಪಕ್ಕೆ ಅಳತೆ ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಸಿಗೆಯಲ್ಲಿ ಅರಗು ಮೆದುವಾಗಿ ಎರಡೂ ಅಂಟಿಕೊಳ್ಳುತ್ತವೆ. ನಂತರ ಮುಚ್ಚಳ ತೆಗೆದು ಬುಡದ ಒಳಗನ್ನು ಕೊರೆಯಿರಿ. ಬಾಯಿ 38 ಮಿ.ಮೀ. ಇದ್ದರೆ ಕಂಠದ ಗೋಡೆ 4 ಮಿ.ಮೀ. ಉಳಿಯುತ್ತದೆ, ತಳದಲ್ಲಿ 8 ಮಿ.ಮೀ. ದಪ್ಪ ಬಿಡಿ. ಒಳಗೆ ತೆಳುವಾಗಿ ಬಣ್ಣವಿಲ್ಲದ ಅರಗು ಹಾಕಿದರೆ ಕುಂಕುಮದ ಕಲೆ ಮರಕ್ಕೆ ಇಳಿಯುವುದಿಲ್ಲ. ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆಯಬೇಕಾದ ವಸ್ತು ಇದು, ಹಾಗಾಗಿ ಕೊನೆಯಲ್ಲಿ ಕಂಠವನ್ನು ಸ್ವಲ್ಪ ಸಡಿಲ ಮಾಡಿ. ‘ಟಪ್’ ಎಂದು ಸದ್ದು ಮಾಡುವ ಬಿಗಿ ಮುಚ್ಚಳ ಷೋಕೇಸಿಗೆ ಸರಿ, ಪೂಜೆಗೆ ಸರಿಯಲ್ಲ. ಮುಚ್ಚಳ ಯಾವ ದಿಕ್ಕಿನಲ್ಲಿ ಚೆನ್ನಾಗಿ ಕೂರುತ್ತದೋ ಅಲ್ಲಿ ಎರಡರ ಒಳಗೂ ಪೆನ್ಸಿಲ್‌ನಲ್ಲಿ ಸಣ್ಣ ಗುರುತು ಮಾಡಿ. ಮಳೆಗಾಲದಲ್ಲಿ ಬಿಗಿಯಾದಾಗ ಅದೇ ದಿಕ್ಕಿಗೆ ಹೊಂದಿಸಿದರೆ ಬಹಳ ಸಲ ಸರಾಗವಾಗುತ್ತದೆ.

ಕೊಳ್ಳುವಾಗ, ಬಳಸುವಾಗ

ಅರಗೋ ಪೇಂಟೋ ತಿಳಿಯಲು ತಳ ನೋಡಿ. ಪೇಂಟ್ ಬಳಿದದ್ದರಲ್ಲಿ ಕುಂಚದ ಗೆರೆ, ಅಂಚಿನಲ್ಲಿ ಹನಿ ಕಾಣಿಸುತ್ತದೆ. ಅರಗಿನದ್ದರಲ್ಲಿ ಬಣ್ಣದ ಪಟ್ಟೆಗಳ ಅಂಚು ಉಳಿಯಿಂದ ಕತ್ತರಿಸಿದಷ್ಟು ನಿಖರ, ಸುತ್ತಲೂ ಸಮ. ಮನೆಗೆ ತಂದ ಮೇಲೂ ಸಂಶಯವಿದ್ದರೆ ತಳದಲ್ಲಿ ಕಾಣದ ಕಡೆ ಒಂದು ಹನಿ ಸ್ಪಿರಿಟ್ ಹಾಕಿ. ಅರಗಾದರೆ ಸ್ವಲ್ಪ ಹೊತ್ತಿಗೆ ಅಂಟಂಟಾಗುತ್ತದೆ. ಅಂಗಡಿಯಲ್ಲಿ ಈ ಪರೀಕ್ಷೆ ಬೇಡ, ದಯವಿಟ್ಟು. ಇದೇ ಕಾರಣಕ್ಕೆ ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಅರಗಿನ ಸಾಮಾನು ಮುಟ್ಟಬಾರದು. ಬಿಸಿನೀರು ಬೇಡ, ನೆನೆಸಿಡುವುದು ಬೇಡ, ಒದ್ದೆ ತಾಗಿದರೆ ಬಿಳಿ ಮಚ್ಚೆ ಬರುತ್ತದೆ. ಒಣಬಟ್ಟೆ ಸಾಕು. ಅರಗು ಸುಮಾರು 65–75 ಡಿಗ್ರಿಗೆ ಮೆದುವಾಗುತ್ತದೆ. ಮೇ ತಿಂಗಳಲ್ಲಿ ಕೃಷ್ಣಗಿರಿಯ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಮುಂಭಾಗದಲ್ಲಿ ಭರಣಿ ಬಿಟ್ಟು ಹೋಗಬೇಡಿ. ಅರಿಶಿನದ ಹಳದಿ ಬಿಸಿಲಿಗೆ ಮಾಸುತ್ತದೆ, ಕಿಟಕಿಯ ಪಕ್ಕ ಇಡಬೇಡಿ.

ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಅಂಥ ಗುರುತಿಲ್ಲ ಎಂದು ಚನ್ನಪಟ್ಟಣದ ಗೊಂಬೆಯನ್ನು ದೂರ ಮಾಡಬೇಕಿಲ್ಲ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಇದೆ. ಮಾರುವವರನ್ನು ಅವರ ಕುಶಲಕರ್ಮಿ ಗುರುತಿನ ಚೀಟಿಯ ಬಗ್ಗೆ ಕೇಳುವುದು ಅವಮಾನವೇನಲ್ಲ. ನಿಜವಾಗಿ ಕಡೆಯುವವರು ಸಂತೋಷದಿಂದಲೇ ತೋರಿಸುತ್ತಾರೆ.

ಬೆಲೆಯ ಬಗ್ಗೆ ಒಂದು ಮಾತು. ಅಗ್ಗದ ಪ್ಲಾಸ್ಟಿಕ್ಕಿನ ಎದುರು ಚನ್ನಪಟ್ಟಣದ ಮನೆಗಳು ವರ್ಷಗಳಿಂದ ಗುದ್ದಾಡುತ್ತಿವೆ, ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಕೈಯಲ್ಲಿ ಮುಚ್ಚಳ ಹೊಂದಿಸಿದ ಭರಣಿಗೂ ಅಚ್ಚಿನಲ್ಲಿ ಒತ್ತಿದ ಡಬ್ಬಿಗೂ ಒಂದೇ ಬೆಲೆ ಕೇಳಿ ಚೌಕಾಸಿ ಮಾಡಿದರೆ ಮೊದಲು ನಿಲ್ಲುವುದು ಭರಣಿಯೇ, ಏಕೆಂದರೆ ಸಮಯ ಹೆಚ್ಚು ಹಿಡಿಯುವುದು ಅದಕ್ಕೇ. ನಮ್ಮ ಗಡಿ ಊರುಗಳ ಕನ್ನಡ ಸಂಘಗಳು ರಾಜ್ಯೋತ್ಸವದ ಬಹುಮಾನಕ್ಕೆ ಅಕ್ರಿಲಿಕ್ ಫಲಕಗಳನ್ನು ಕೊಳ್ಳುತ್ತವೆ. ಅವು ಮರುವರ್ಷ ಮಂಚದ ಕೆಳಗಿರುತ್ತವೆ. ಅದೇ ಹಣದಲ್ಲಿ ಐವತ್ತೋ ನೂರೋ ಭರಣಿ ಒಟ್ಟಿಗೆ ಹೇಳಿ ಮಾಡಿಸಿದರೆ ಒಂದು ಮನೆಗೆ ಕೆಲವು ವಾರಗಳ ಖಚಿತ ಕೆಲಸ. ಅದಕ್ಕೆ ಕೊನೆಯ ವಾರದ ಆರ್ಡರ್ ಮಾತ್ರ ಕೊಡಬೇಡಿ. ಒಣಗಿದ ಮರ ಇರಬೇಕು, ಅಳತೆ ನೋಡಲು ಒಂದು ಮಾದರಿ ಮಾಡಬೇಕು, ಆಮೇಲೆ ಉಳಿದವು. ನವೆಂಬರ್ 1ಕ್ಕೆ ಬೇಕಿದ್ದರೆ ಜುಲೈ, ಆಗಸ್ಟ್‌ನಲ್ಲೇ ಮಾತಾಡಿ. ಎತ್ತರ, ಅಗಲ, ಬಣ್ಣ, ಸಸ್ಯಬಣ್ಣವೇ ಬೇಕೋ ಬೇಡವೋ, ಒಳಗೆ ಅರಗು ಬೇಕೋ ಇವಿಷ್ಟನ್ನು ಕಾಗದದಲ್ಲಿ ಬರೆದು, ಅರ್ಧ ಮುಂಗಡ ಕೊಟ್ಟು ಬನ್ನಿ.

ಹೊಸೂರಿನಿಂದ ಹೋಗುವವರು ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಮೈಸೂರು ಕಡೆಯ ರೈಲು ಹಿಡಿದು ಚನ್ನಪಟ್ಟಣ ನಿಲ್ದಾಣದಲ್ಲಿ ಇಳಿಯಬಹುದು. ಎಲ್ಲ ಎಕ್ಸ್‌ಪ್ರೆಸ್‌ಗಳೂ ಅಲ್ಲಿ ನಿಲ್ಲುವುದಿಲ್ಲ, ನೋಡಿ ಹತ್ತಿ. ಸ್ವಂತ ವಾಹನವಿದ್ದರೆ ಬೆಂಗಳೂರಿನ ನಡುವೆ ನುಗ್ಗದೆ ಆನೇಕಲ್, ಹಾರೋಹಳ್ಳಿ, ರಾಮನಗರದ ಕಡೆಯಿಂದಲೂ ಸೇರಬಹುದು. ಹೊಸ ಎಕ್ಸ್‌ಪ್ರೆಸ್ ರಸ್ತೆ ಊರಿನ ಹೊರಗೇ ಹಾದುಹೋಗುತ್ತದೆ, ಹಾಗಾಗಿ ಹಳೆಯ ರಸ್ತೆಗೆ ಇಳಿಯುವುದನ್ನು ಮರೆಯಬೇಡಿ. ರಸ್ತೆ ಬದಿಯ ಅಂಗಡಿಗಳಲ್ಲಿ ಬಣ್ಣ ಬಣ್ಣದ್ದೆಲ್ಲ ಸಿಗುತ್ತದೆ, ಹೊರಗಿನಿಂದ ಬಂದ ಸಾಮಾನೂ ಅದರಲ್ಲಿ ಬೆರೆತಿರುತ್ತದೆ. ಕಡೆಯುವುದನ್ನು ಕಣ್ಣಾರೆ ನೋಡಬೇಕೆಂದರೆ ಊರೊಳಗಿನ ಕಲಾನಗರಕ್ಕೋ ಪಕ್ಕದ ನೀಲಸಂದ್ರಕ್ಕೋ ಹೋಗಿ, ಬೆಳಿಗ್ಗೆ ಹೊತ್ತಿಗೆ. ಕರೆಂಟ್ ಇದ್ದಾಗ ಲೇತ್ ತಿರುಗುತ್ತಿರುತ್ತದೆ, ಸದ್ದು ಬೀದಿಗೇ ಕೇಳುತ್ತದೆ.